ಓರ್ಯೋಲ್ ಯುದ್ಧನೌಕೆಯ ಪ್ಲಾಸ್ಟಿಕ್ ಕಿಟ್: ದುಡ್ಡಿಗೆ ಮೋಸವಿಲ್ಲ, ಆದರೆ ನೀರಿನ ಗೆರೆಯನ್ನು ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ, ಇದು ಮಕ್ಕಳ ಆಟಿಕೆ ಅಲ್ಲ. ಹತ್ತು ವರ್ಷದ ಹುಡುಗನಿಗೆ ಹುಟ್ಟುಹಬ್ಬಕ್ಕೆ ಅಂತ ತಂದುಕೊಟ್ಟರೆ ಮೊದಲ ಸಂಜೆಯೇ ಅವನಿಗೆ ಬೇಜಾರಾಗಿ ಪೆಟ್ಟಿಗೆ ಮಂಚದ ಕೆಳಗೆ ಸೇರುತ್ತದೆ. ಝಾರ್ ಕಾಲದ ರಷ್ಯಾ ಕಟ್ಟಿದ ಓರ್ಯೋಲ್ ಎಂಬ ಯುದ್ಧನೌಕೆಯ ಮಾಡೆಲ್ ಕಿಟ್ ಇದು. ಅಳತೆ 350ಕ್ಕೆ 1. ಅಸಲಿ ಹಡಗು 121 ಮೀಟರ್ ಉದ್ದ ಇತ್ತು, ಇದು ಕಟ್ಟಿ ಮುಗಿದ ಮೇಲೆ ಸುಮಾರು 35 ಸೆಂಟಿಮೀಟರ್ ಬರುತ್ತದೆ. ಪುಸ್ತಕದ ಕಪಾಟಿನ ಒಂದು ಅಂತಸ್ತಿನಲ್ಲಿ ಆರಾಮಾಗಿ ಕೂರುತ್ತದೆ.

ಕಂಪನಿಯ ಹೆಸರು ಬರೆಯುವುದಿಲ್ಲ, ಮುಂದೆ ಕೆಲವು ಕಡೆ ಬೈಯುವುದಿದೆ. ಈ ಹವ್ಯಾಸ ಇರುವವರಿಗೆ ಅಂದಾಜು ಸಿಕ್ಕೇ ಸಿಗುತ್ತದೆ. ಇಲ್ಲಿ ಅಂಗಡಿಗಳಲ್ಲಿ ವಿಮಾನ, ಟ್ಯಾಂಕ್ ಕಿಟ್ ಸಿಗುವಷ್ಟು ಸುಲಭವಾಗಿ ಇಂಥ ಹಳೇ ಹಡಗು ಸಿಗುವುದಿಲ್ಲ, ಹೊರದೇಶದಿಂದಲೇ ತರಿಸಿಕೊಳ್ಳಬೇಕಾಯಿತು. ಸುಂಕ, ಕೊರಿಯರ್ ಎಲ್ಲ ಸೇರಿ ಹತ್ತು ಸಾವಿರ ದಾಟಿತು. ಪೆಟ್ಟಿಗೆಯ ಒಂದು ಮೂಲೆ ನುಜ್ಜುಗುಜ್ಜಾಗಿತ್ತು, ಒಳಗೆ ಒಂದು ಕಂಬ ಮುರಿದಿತ್ತು. ಪರವಾಗಿಲ್ಲ, ಆ ಕಂಬವನ್ನು ಹೇಗಿದ್ದರೂ ಹಿತ್ತಾಳೆ ತಂತಿಯಲ್ಲಿ ಮಾಡಿಕೊಳ್ಳುವುದೇ ಒಳ್ಳೆಯದು.

ಪೆಟ್ಟಿಗೆ ಬಿಚ್ಚಿದ ಕೂಡಲೇ ಕೈಗೆ ಬರುವುದು ಹಡಗಿನ ಒಡಲಿನ ಎರಡು ಭಾಗ, ಎಡ ಮತ್ತು ಬಲ. ಎರಡನ್ನೂ ಜೋಡಿಸಿ ಹಿಡಿದು ಮುಂದಿನಿಂದ ನೋಡಿ. ನೀರಿನ ಮಟ್ಟದಲ್ಲಿ ಹೊಟ್ಟೆ ಅಗಲ, ಮೇಲಕ್ಕೆ ಹೋದಂತೆ ಎರಡೂ ಪಕ್ಕ ಒಳಕ್ಕೆ ಬಾಗಿಕೊಂಡು ಹೋಗುತ್ತದೆ, ಥೇಟ್ ಬಿಂದಿಗೆ. ಬ್ರಿಟಿಷ್ ಅಥವಾ ಜಪಾನಿ ಹಡಗಿನ ಮಾಡೆಲ್ ಕಟ್ಟಿದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅಚ್ಚು ತಪ್ಪಾಗಿದೆ ಅಂದುಕೊಳ್ಳಬೇಡಿ, ಅಸಲಿ ಹಡಗೂ ಹಾಗೇ ಇತ್ತು.

ಈ ಆಕಾರ ಬಂದದ್ದು ಫ್ರಾನ್ಸಿನಿಂದ. 1898ರಲ್ಲಿ ರಷ್ಯಾ ದೂರಪೂರ್ವದಲ್ಲಿ ಜಪಾನಿಗೆ ಎದುರಾಗಿ ನಿಲ್ಲುವ ನೌಕಾಪಡೆ ಬೇಕೆಂದು ದೊಡ್ಡ ಯೋಜನೆ ಹಾಕಿತು. ತನ್ನ ಹಡಗುಕಟ್ಟೆಗಳ ಕೈಯಲ್ಲಿ ಅಷ್ಟೆಲ್ಲ ಬೇಗ ಆಗುವ ಕೆಲಸ ಅಲ್ಲ ಅಂತ ಗೊತ್ತಿತ್ತು. ಹಾಗಾಗಿ ಒಂದು ಯುದ್ಧನೌಕೆಯನ್ನು ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಇನ್ನೊಂದನ್ನು ಫ್ರಾನ್ಸಿನ ಟುಲೋನ್ ಹತ್ತಿರದ ಲಾ ಸೇನ್‌ನಲ್ಲಿ ಕಟ್ಟಿಸಿತು. ಅಮೆರಿಕದ್ದು ರೆತ್ವಿಜಾನ್, ಫ್ರಾನ್ಸಿನದು ತ್ಸೆಸರೇವಿಚ್. ಲಗಾನ್ ಎಂಬ ಫ್ರೆಂಚ್ ಎಂಜಿನಿಯರ್ ಬರೆದ ತ್ಸೆಸರೇವಿಚ್ ನಕ್ಷೆ ಅಧಿಕಾರಿಗಳಿಗೆ ಬಹಳ ಹಿಡಿಸಿತು. ಪಕ್ಕ ಒಳಕ್ಕೆ ಬಾಗಿದ್ದರೆ ಮೇಲ್ಭಾಗದ ಭಾರ ಕಡಿಮೆ, ಪಕ್ಕದ ಫಿರಂಗಿಗಳು ನೇರ ಮುಂದಕ್ಕೂ ಹಿಂದಕ್ಕೂ ಹೊಡೆಯಬಹುದು. ಕಾಗದದ ಮೇಲೆ ಎಲ್ಲ ಚೆಂದ. ಅದನ್ನೇ ಇಟ್ಟುಕೊಂಡು ಸ್ಕ್ವೊರ್ತ್ಸೊವ್ ಎಂಬ ರಷ್ಯನ್ ಎಂಜಿನಿಯರ್ ನಕ್ಷೆಯನ್ನು ತಮ್ಮ ಬೇಡಿಕೆಗೆ ಹೊಂದಿಸಿದರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಂದೇ ನಮೂನೆಯ ಐದು ಹಡಗು ಕಟ್ಟಲು ಹೊರಟರು. ಬೊರೊಡಿನೊ, ಇಂಪರಾಟರ್ ಅಲೆಕ್ಸಾಂಡರ್ 3, ಓರ್ಯೋಲ್, ಕ್ನ್ಯಾಜ್ ಸುವೋರೊವ್, ಸ್ಲಾವಾ. ಒಂದೊಂದಕ್ಕೂ 1 ಕೋಟಿ 30 ಲಕ್ಷ ರೂಬಲ್‌ಗಿಂತ ಜಾಸ್ತಿ ಖರ್ಚು.

ಬೇಡಿಕೆಗೆ ಹೊಂದಿಸಿದರು ಅಂದೆನಲ್ಲ, ಎಡವಟ್ಟು ಶುರುವಾಗಿದ್ದೇ ಅಲ್ಲಿಂದ. ಅದೂ ಇರಲಿ, ಇದೂ ಇರಲಿ, ಇನ್ನೊಂದಷ್ಟು ಸಣ್ಣ ಫಿರಂಗಿ, ಇನ್ನೊಂದು ಸೇತುವೆ (ಹಡಗು ನಡೆಸುವವರು ನಿಲ್ಲುವ ಎತ್ತರದ ಅಟ್ಟ), ಇನ್ನೊಂದಷ್ಟು ದೋಣಿ. ನಕ್ಷೆಯ ಪ್ರಕಾರ ಹಡಗಿನ ತೂಕ 13,516 ಟನ್ ಇರಬೇಕಿತ್ತು. ಕಟ್ಟಿ ಮುಗಿಯುವಷ್ಟರಲ್ಲಿ ಐದೂ ಅದಕ್ಕಿಂತ ನೂರಾರು ಟನ್ ಭಾರವಾಗಿದ್ದವು, ಕಲ್ಲಿದ್ದಲು ಸಾಮಾನು ಎಲ್ಲ ತುಂಬಿಕೊಂಡರೆ ಹದಿನೈದು ಸಾವಿರ ಟನ್ ಹತ್ತಿರ.

ಈಗ ಕಿಟ್‌ಗೆ ಬರೋಣ. ಒಡಲಿನ ಎರಡು ಭಾಗ ಚೆನ್ನಾಗಿ ಕೂರುತ್ತವೆ, ಮುಂದಿನ ಮೂತಿಯ ಹತ್ತಿರ ಮಾತ್ರ ಸ್ವಲ್ಪ ಸಂದು ಬಿಡುತ್ತದೆ. ಪುಟ್ಟಿ ಹಾಕಿ ಉಜ್ಜಿದರೆ ಹೋಗುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ಪುಟ್ಟಿ ಒಣಗಿದಂತೆ ಕಾಣುತ್ತದೆ, ಮರಳು ಕಾಗದ ಹಾಕಿದ ಕೂಡಲೇ ಅಂಟಂಟಾಗಿ ಎದ್ದು ಬರುತ್ತದೆ. ಒಡಲಿನ ಒಳಗೆ ಅಡ್ಡಕ್ಕೆ ಕೂರಿಸಲು ಕೊಟ್ಟಿರುವ ಪಟ್ಟಿಗಳನ್ನು ಬಿಡಬೇಡಿ, ಅವಿಲ್ಲದಿದ್ದರೆ ಪಕ್ಕಗಳು ಇನ್ನಷ್ಟು ಒಳಕ್ಕೆ ಬಾಗಿಕೊಂಡು ಡೆಕ್ ಕೂರುವುದೇ ಇಲ್ಲ. ಡೆಕ್ ಮೇಲಿನ ಮರದ ಹಲಗೆಯ ಗೆರೆಗಳು ಮಾತ್ರ ಬಹಳ ಸೊಗಸಾಗಿ ಬಂದಿವೆ. ಬಣ್ಣ ಬಳಿದು ಮೇಲೊಂದು ತೆಳು ಕಂದು ನೀರು ಬಿಟ್ಟರೆ ಸಾಕು, ಹಲಗೆ ಹಲಗೆಯಾಗಿ ಎದ್ದು ಕಾಣುತ್ತದೆ.

ಆಮೇಲೆ ಬರುತ್ತದೆ ಫಿರಂಗಿಗಳ ಸರದಿ, ಕಿಟ್‌ನ ಅತ್ಯಂತ ಒಳ್ಳೆಯ ಭಾಗ ಇದೇ. ಮುಂದೊಂದು ಹಿಂದೊಂದು ದೊಡ್ಡ ಟರೆಟ್ (ಫಿರಂಗಿ ಕೂರಿಸಿದ, ತಿರುಗುವ ಕವಚದ ಗೂಡು), ಒಂದೊಂದರಲ್ಲಿ ಎರಡೆರಡು 305 ಮಿಲಿಮೀಟರ್ ಫಿರಂಗಿ. ಪಕ್ಕಕ್ಕೆ ಮೂರು ಮೂರರಂತೆ ಆರು ಸಣ್ಣ ಟರೆಟ್, ಅವುಗಳಲ್ಲಿ ಒಟ್ಟು ಹನ್ನೆರಡು 152 ಮಿಲಿಮೀಟರ್ ಫಿರಂಗಿ. ಎಲ್ಲವೂ ತಿರುಗುತ್ತವೆ, ಅಂಟು ಜಾಸ್ತಿ ಸುರಿಯದಿದ್ದರೆ. ಫಿರಂಗಿ ನಳಿಗೆಯ ಬಾಯಲ್ಲಿ ತೂತು ಕೂಡ ಬಿಟ್ಟಿದ್ದಾರೆ, ಕೊರೆಯುವ ಕಷ್ಟ ಇಲ್ಲ.

ಇದಾದ ಮೇಲೆ ಒಡಲಿನ ಪಕ್ಕದಲ್ಲೇ ಕೂರಿಸಬೇಕಾದ 75 ಮಿಲಿಮೀಟರ್ ಫಿರಂಗಿಗಳಿವೆ. ಒಟ್ಟು ಇಪ್ಪತ್ತು. ಟಾರ್ಪಿಡೊ ದೋಣಿಗಳು ಹತ್ತಿರ ಬಂದರೆ ಓಡಿಸಲು ಅಂತ ಇಟ್ಟದ್ದು. ಚಿಮಟದಲ್ಲಿ ಹಿಡಿದು ಒಂದೊಂದಾಗಿ ಆ ಚೌಕದ ಕಿಂಡಿಗಳಲ್ಲಿ ಅಂಟಿಸುವಾಗ ನಿಮಗೇ ಅನಿಸುತ್ತದೆ, ಇಷ್ಟು ಕೆಳಗೆ ಯಾಕಪ್ಪಾ ಇಟ್ಟರು ಅಂತ. ಮಧ್ಯದ ಸಾಲು ನೀರಿಗೆ ತೀರಾ ಹತ್ತಿರ. ಸಮುದ್ರ ಸ್ವಲ್ಪ ಎದ್ದಿತು ಅಂದರೆ ಆ ಕಿಂಡಿ ತೆರೆಯುವ ಹಾಗೇ ಇಲ್ಲ, ತೆರೆದರೆ ನೀರು ಸೀದಾ ಒಳಗೆ. 1903ರಲ್ಲಿ ಇಂಪರಾಟರ್ ಅಲೆಕ್ಸಾಂಡರ್ 3 ಹಡಗಿನ ಪರೀಕ್ಷಾ ಓಡಾಟದಲ್ಲಿ ಜೋರಾಗಿ ತಿರುಗಿಸಿದಾಗ ಅದು ಎಷ್ಟು ವಾಲಿತು ಅಂದರೆ ಇದೇ ಕಿಂಡಿಗಳಿಂದ ನೀರು ನುಗ್ಗಿತು. ಯುದ್ಧ ಇಲ್ಲ, ಬಿರುಗಾಳಿ ಇಲ್ಲ, ಸುಮ್ನೆ ಒಂದು ತಿರುವು. ಅಷ್ಟಾದರೂ ಎಚ್ಚರವಾಗಬೇಕಿತ್ತು ಅಲ್ವಾ? ಕಿಂಡಿಗಳು ಅಲ್ಲೇ ಉಳಿದವು.

ಓರ್ಯೋಲ್ ಕಥೆ ಇನ್ನೂ ಚೆನ್ನಾಗಿದೆ. 1902ರಲ್ಲಿ ನೀರಿಗಿಳಿದ ಹಡಗು 1904ರ ಮೇ ತಿಂಗಳಲ್ಲಿ ಕ್ರೋನ್‌ಸ್ಟಾಟ್ ಬಂದರಿನಲ್ಲಿ ಕೊನೆಯ ಕೆಲಸ ಮಾಡಿಸಿಕೊಳ್ಳುತ್ತಾ ನಿಂತಿತ್ತು. ಅಲ್ಲೇ, ಕಟ್ಟೆಯ ಪಕ್ಕದಲ್ಲೇ, ನೀರು ನುಗ್ಗಿ ತಳಕ್ಕೆ ಕೂತುಬಿಟ್ಟಿತು. ಮೇಲೆತ್ತಿ, ಒಣಗಿಸಿ, ಮತ್ತೆ ಕೆಲಸ ಹಿಡಿಯಬೇಕಾಯಿತು. ಅಷ್ಟೊತ್ತಿಗೆ ಜಪಾನ್ ಜೊತೆ ಯುದ್ಧ ಶುರುವಾಗಿ ಮೂರು ತಿಂಗಳಾಗಿತ್ತು, ಚೀನಾ ಕರಾವಳಿಯಲ್ಲಿ ರಷ್ಯಾ ಹಿಡಿದಿದ್ದ ಪೋರ್ಟ್ ಆರ್ಥರ್ ಬಂದರಿನಲ್ಲಿದ್ದ ರಷ್ಯಾದ ಹಡಗುಗಳು ಬೋನಿಗೆ ಬಿದ್ದಿದ್ದವು. ಪೂರ್ತಿ ಪರೀಕ್ಷೆ ಮಾಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ, ಕಿಟ್ ಜೊತೆ ಬಂದ ಕೈಪಿಡಿ ಸರಿಯಾಗಿಯೇ ಹೇಳುತ್ತದೆ. ಒಡಲು, ಮೇಲ್ಭಾಗ ಎಲ್ಲ ಕಪ್ಪು. ಹೊಗೆ ಕೊಳವೆಗಳು ಹಳದಿ, ತುದಿಯಲ್ಲಿ ಕಪ್ಪು ಪಟ್ಟಿ. ನೋಡಲು ಬಹಳ ಚೆಂದ, ಕಪಾಟಿನಲ್ಲಿ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಸಮುದ್ರದಲ್ಲೂ ಹಾಗೇ ಕಣ್ಣಿಗೆ ಬೀಳುತ್ತಿತ್ತು ಅನ್ನುವುದೇ ತೊಂದರೆ. ಜಪಾನಿ ಹಡಗುಗಳು ಬೂದು ಬಣ್ಣ ಬಳಿದುಕೊಂಡಿದ್ದವು, ಮಂಜಿನಲ್ಲಿ ಕರಗಿಹೋಗುತ್ತಿದ್ದವು. ಇವು ಹಳದಿ ಕೊಳವೆ ಹೊತ್ತುಕೊಂಡು ಬಂದವು. ಕಿಟ್‌ನಲ್ಲಿ ಹೇಳಿರುವ ಹಳದಿ ನನಗೆ ಜಾಸ್ತಿ ನಿಂಬೆ ಬಣ್ಣಕ್ಕೆ ಹೋದಂತೆ ಕಂಡಿತು, ಒಂದೆರಡು ಹನಿ ಕಂದು ಬೆರೆಸಿಕೊಂಡೆ. ಕಪ್ಪನ್ನು ನೇರ ಡಬ್ಬಿಯಿಂದ ಬಳಿಯಬೇಡಿ. ಇಷ್ಟು ಸಣ್ಣ ಮಾಡೆಲ್ ಮೇಲೆ ಅಚ್ಚ ಕಪ್ಪು ಬಳಿದರೆ ಗೆರೆ, ರಿವೆಟ್, ಕಿಂಡಿ ಎಲ್ಲ ಮಾಯ. ಸ್ವಲ್ಪ ಬೂದು ಬೆರೆಸಿ.

ಇನ್ನು ನೀರಿನ ಗೆರೆ, ಅಂದರೆ ಹಡಗು ಎಲ್ಲಿಯವರೆಗೆ ನೀರಲ್ಲಿ ಮುಳುಗಿರುತ್ತದೆ ಅಂತ ತೋರಿಸುವ ಗೆರೆ. ನನ್ನ ದೊಡ್ಡ ತಕರಾರು ಇದೇ. ಒಡಲಿನ ಕೆಳಭಾಗಕ್ಕೆ ಕೆಂಪು, ಮೇಲೆ ಕಪ್ಪು, ನಡುವೆ ತೆಳು ಗೆರೆ. ಕಿಟ್ ಅಚ್ಚಿನಲ್ಲೇ ಆ ಗೆರೆ ಸಣ್ಣಗೆ ಕೊರೆದು ಕೊಟ್ಟಿದ್ದಾರೆ, ಕಣ್ಣುಮುಚ್ಚಿ ಅದರ ಮೇಲೆ ಟೇಪ್ ಅಂಟಿಸಿ ಬಣ್ಣ ಹೊಡೆಯಬಹುದು. ಆದರೆ ಅದು ನಕ್ಷೆಯಲ್ಲಿ ಬರೆದ ಹಡಗಿನ ಗೆರೆ, ಸಮುದ್ರಕ್ಕೆ ಹೋದ ಹಡಗಿನದಲ್ಲ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ, ಈ ಹಡಗು 1905ರಲ್ಲಿ ಜಪಾನಿನ ಎದುರು ಹೋರಾಡಿದ ತ್ಸುಶಿಮಾ ಕದನದ ಚಿತ್ರ ಬರೆಸಿ, ಒಳಗೆ ಕದನಕ್ಕೆ ಹೋಗದ ಹಡಗು ಕೊಡುವುದು ಯಾವ ನ್ಯಾಯ ಸ್ವಾಮಿ?

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಈ ಹಡಗಿನ ಹಣೆಬರಹವೆಲ್ಲ ಆ ಗೆರೆಯಲ್ಲೇ ಇದೆ. ಓರ್ಯೋಲ್ ಪಕ್ಕದಲ್ಲಿ ನೀರಿನ ಮಟ್ಟಕ್ಕೆ ಉದ್ದಕ್ಕೂ ಉಕ್ಕಿನ ಕವಚದ ಪಟ್ಟಿ ಇತ್ತು, ದಪ್ಪ ಇರುವ ಕಡೆ 194 ಮಿಲಿಮೀಟರ್. ಅದು ಅರ್ಧ ನೀರಿನ ಮೇಲೆ ಅರ್ಧ ಕೆಳಗೆ ಇದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಹಡಗು ಭಾರವಾಗಿ ಕೆಳಗೆ ಕೂತರೆ ದಪ್ಪ ಕವಚ ನೀರೊಳಗೆ ಹೋಗುತ್ತದೆ, ಗುಂಡು ಬೀಳುವ ಜಾಗದಲ್ಲಿ ತೆಳು ಭಾಗ ಉಳಿಯುತ್ತದೆ. ಕಿಂಡಿಗಳೂ ಅಷ್ಟೇ ಕೆಳಗೆ ಬರುತ್ತವೆ. ಅಸಲಿ ಹಡಗು ಒಂದು ಮೀಟರ್ ಜಾಸ್ತಿ ಮುಳುಗಿದರೂ ಈ ಅಳತೆಯಲ್ಲಿ ಅದು ಮೂರು ಮಿಲಿಮೀಟರ್ ಕೂಡ ಆಗುವುದಿಲ್ಲ, ಕಿಟ್‌ನವರಿಗೆ ಅದು ಸಣ್ಣ ವಿಷಯ ಅನಿಸಿರಬಹುದು. ನಾನು ಕೊರೆದ ಗೆರೆಯನ್ನು ಪುಟ್ಟಿಯಿಂದ ಮುಚ್ಚಿ ಎರಡು ಮಿಲಿಮೀಟರ್ ಮೇಲಕ್ಕೆ ಹೊಸ ಗೆರೆ ಎಳೆದುಕೊಂಡೆ. ಅಷ್ಟಕ್ಕೇ ಹಡಗಿನ ಚಹರೆ ಬದಲಾಯಿತು. ಗತ್ತಿನಿಂದ ನಿಂತಿದ್ದದ್ದು ಕುಗ್ಗಿದ ಹಾಗೆ ಕಾಣತೊಡಗಿತು.

ಇಷ್ಟೊಂದು ಭಾರ ಎಲ್ಲಿಂದ ಬಂತು? ಸ್ವಲ್ಪ ಕಟ್ಟುವಾಗಲೇ ಬಂತು, ಹೇಳಿದೆನಲ್ಲ. ಉಳಿದದ್ದು ಕಲ್ಲಿದ್ದಲು. ಅಡ್ಮಿರಲ್ ರೊಝೆಸ್ಟ್ವೆನ್ಸ್ಕಿ ಈ ನಮೂನೆಯ ನಾಲ್ಕು ಹೊಸ ಹಡಗು ಮತ್ತು ಕೈಗೆ ಸಿಕ್ಕ ಹಳೇ ಹಡಗುಗಳನ್ನೆಲ್ಲ ಕಟ್ಟಿಕೊಂಡು 1904ರ ಅಕ್ಟೋಬರ್ 15ರಂದು ಬಾಲ್ಟಿಕ್ ಸಮುದ್ರದ ಲಿಬಾವ್ ಬಂದರಿನಿಂದ ಹೊರಟರು. ಐದನೆಯದಾದ ಸ್ಲಾವಾ ಇನ್ನೂ ಕಟ್ಟೆಯಲ್ಲೇ ಇತ್ತು. ದಾರಿ ಸುಮಾರು 18,000 ನಾಟಿಕಲ್ ಮೈಲಿ. ಹೊರಟು ವಾರ ಕಳೆಯುವಷ್ಟರಲ್ಲಿ ಉತ್ತರ ಸಮುದ್ರದ ಡಾಗರ್ ಬ್ಯಾಂಕ್ ಎಂಬಲ್ಲಿ ಬ್ರಿಟಿಷ್ ಮೀನುಗಾರರ ದೋಣಿಗಳನ್ನು ರಾತ್ರಿ ಕತ್ತಲಲ್ಲಿ ಜಪಾನಿನ ಟಾರ್ಪಿಡೊ ದೋಣಿ ಅಂದುಕೊಂಡು ಗುಂಡು ಹಾರಿಸಿದರು. ಯೂರೋಪಿನ ಮೂಲೆಯಲ್ಲಿ ಜಪಾನಿನ ದೋಣಿ! ತಮ್ಮದೇ ಅರೋರಾ ಹಡಗಿಗೂ ಕೆಲವು ಏಟು ಕೊಟ್ಟರು, ಅದರಲ್ಲಿದ್ದ ಪಾದ್ರಿ ಗಾಯದಿಂದ ತೀರಿಕೊಂಡರು. ಬ್ರಿಟನ್ ಕೆಂಡವಾಯಿತು, ಇನ್ನೊಂದು ಯುದ್ಧವೇ ಆಗುವುದರಲ್ಲಿತ್ತು.

ಬ್ರಿಟನ್ 1902ರಲ್ಲೇ ಜಪಾನ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಹಾಗಾಗಿ ದಾರಿಯಲ್ಲಿ ಸಿಗುವ ಬ್ರಿಟಿಷ್ ಬಂದರುಗಳಲ್ಲಿ, ಅಂದರೆ ನಮ್ಮ ಮುಂಬೈ, ಪಕ್ಕದ ಕೊಲಂಬೊ, ಸಿಂಗಾಪುರ ಇಂಥ ಕಡೆಯೆಲ್ಲ ಕಲ್ಲಿದ್ದಲು ಸಿಗುವ ಮಾತೇ ಇಲ್ಲ. ಜರ್ಮನ್ ಕಂಪನಿಯ ಕಲ್ಲಿದ್ದಲು ಹಡಗುಗಳು ಜೊತೆಜೊತೆಗೇ ಬಂದು ಸಮುದ್ರದ ನಡುವೆಯೇ ತುಂಬಿಕೊಡುತ್ತಿದ್ದವು. ಮುಂದೆ ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಸಿಕ್ಕಾಗಲೆಲ್ಲ ಜಾಸ್ತಿ ತುಂಬಿಕೊಂಡರು. ಗೋದಾಮು ತುಂಬಿತು, ಆಮೇಲೆ ಡೆಕ್, ಆಮೇಲೆ ಓಡಾಡುವ ಜಾಗ, ಫಿರಂಗಿ ಪಕ್ಕ. ಮಡಗಾಸ್ಕರ್‌ನ ನೋಸಿ ಬೇ ದ್ವೀಪದ ಹತ್ತಿರ ಎರಡು ತಿಂಗಳು ಕೂತರು. ಪೋರ್ಟ್ ಆರ್ಥರ್ ಶರಣಾಯಿತು ಎಂಬ ಸುದ್ದಿ ಕೇಳಿದ್ದು ಮಡಗಾಸ್ಕರ್‌ನಲ್ಲೇ. ಯಾವ ಊರನ್ನು ಉಳಿಸಲು ಹೊರಟಿದ್ದರೋ ಆ ಊರೇ ಹೋಯಿತು. ಆದರೂ ಮುಂದೆ ಹೋಗಿ ಅಂತ ಮೇಲಿನಿಂದ ಅಪ್ಪಣೆ. ಮಾರ್ಚ್ ನಡುವೆ ಹೊರಟು ಹಿಂದೂ ಮಹಾಸಾಗರವನ್ನು ಎಲ್ಲೂ ದಡ ಮುಟ್ಟದೆ ದಾಟಿ ಏಪ್ರಿಲ್ 8ಕ್ಕೆ ಸಿಂಗಾಪುರದ ಮುಂದೆ ಹಾದುಹೋದರು.

ಕಿಟ್‌ನಲ್ಲಿ ಕಲ್ಲಿದ್ದಲಿನ ಮೂಟೆ ಒಂದೂ ಇಲ್ಲ. ಬೇಕಿದ್ದರೆ ನೀವೇ ಮಾಡಿಕೊಳ್ಳಬೇಕು. ಎಪಾಕ್ಸಿ ಪುಟ್ಟಿಯನ್ನು ಸಣ್ಣ ಸಣ್ಣ ಅಕ್ಕಿಕಾಳಿನಷ್ಟು ಮಾಡಿ ಚಪ್ಪಟೆ ಒತ್ತಿ, ಒಣಗಿದ ಮೇಲೆ ಮಸಿ ಬಣ್ಣ ಬಳಿದು ಹಿಂದಿನ ಡೆಕ್ ಮೇಲೆ ಜೋಡಿಸಿದೆ. ನೋಡಿದವರೆಲ್ಲ ಮೊದಲು ಕೇಳುವುದೇ ಆ ಮೂಟೆಗಳ ಬಗ್ಗೆ.

ಕದನದ ದಿನ 1905ರ ಮೇ 27. ಕೊರಿಯಾ ಮತ್ತು ಜಪಾನ್ ನಡುವಿನ ತ್ಸುಶಿಮಾ ಜಲಸಂಧಿ. ಜಪಾನಿನ ಅಡ್ಮಿರಲ್ ಟೋಗೊ ಬ್ರಿಟನ್‌ನಲ್ಲಿ ಕಟ್ಟಿಸಿದ ಮಿಕಾಸಾ ಹಡಗಿನಲ್ಲಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಗುಂಡಿನ ಕಾಳಗ ಶುರುವಾಯಿತು. ಜಪಾನಿನವರ ಗುಂಡಿನಲ್ಲಿ ಶಿಮೋಸೆ ಎಂಬ ಸಿಡಿಮದ್ದು. ಅದು ಕವಚ ಕೊರೆದು ಒಳಗೆ ಹೋಗುವುದಕ್ಕಿಂತ ಮೇಲೇ ಸಿಡಿದು ಬೆಂಕಿ ಹಚ್ಚುವುದರಲ್ಲಿ ಜೋರು. ಕಲ್ಲಿದ್ದಲು, ಮರದ ದೋಣಿ, ಬಣ್ಣ, ಎಲ್ಲ ಹತ್ತಿಕೊಂಡಿತು. ಆವತ್ತು ಸಮುದ್ರದಲ್ಲಿ ಅಲೆಯೂ ಇತ್ತು. ಪಕ್ಕದಲ್ಲಿ ಬಿದ್ದ ತೂತುಗಳಿಂದ, ಕೆಳಗಿನ ಕಿಂಡಿಗಳಿಂದ ನೀರು ಬರುತ್ತಾ ಬರುತ್ತಾ ಹಡಗು ವಾಲಿದಾಗ ಈ ಒಳಬಾಗಿದ ಪಕ್ಕ ತನ್ನ ಗುಣ ತೋರಿಸಿತು. ನೇರ ಪಕ್ಕದ ಹಡಗು ವಾಲಿದರೆ ಹೊಸ ಭಾಗ ನೀರಿಗಿಳಿದು ಎದುರು ಒತ್ತು ಕೊಡುತ್ತದೆ. ಇದರಲ್ಲಿ ವಾಲಿದಷ್ಟೂ ಆ ಒತ್ತು ಕಡಿಮೆ. ಒಂದು ಮಟ್ಟ ದಾಟಿತೋ, ತಿರುಗಿ ಏಳುವ ಪ್ರಶ್ನೆಯೇ ಇಲ್ಲ.

ಆ ಒಂದು ಸಂಜೆ ಮೂರು ಹಡಗು ಹೋದವು. ಏಳು ಗಂಟೆ ಹೊತ್ತಿಗೆ ಇಂಪರಾಟರ್ ಅಲೆಕ್ಸಾಂಡರ್ 3 ಮಗುಚಿತು. ಸ್ವಲ್ಪ ಹೊತ್ತಿನಲ್ಲೇ ಕ್ನ್ಯಾಜ್ ಸುವೋರೊವ್, ಅದು ರೊಝೆಸ್ಟ್ವೆನ್ಸ್ಕಿಯವರ ಸ್ವಂತ ಹಡಗು. ಗಾಯಗೊಂಡ ಅವರನ್ನು ಅಷ್ಟರೊಳಗೆ ಬೇರೊಂದು ಸಣ್ಣ ಹಡಗಿಗೆ ದಾಟಿಸಿದ್ದರು. ಅಲ್ಲೇ ಉಳಿದವರಲ್ಲಿ ಯಾರೂ ಬದುಕಲಿಲ್ಲ. ಅದೇ ಹೊತ್ತಿಗೆ ಬೊರೊಡಿನೊ ಸಿಡಿದು ಮಗುಚಿತು. ಅದರಲ್ಲಿ ಎಂಟುನೂರಕ್ಕೂ ಹೆಚ್ಚು ಜನ ಇದ್ದರು, ಬದುಕಿ ಬಂದದ್ದು ಒಬ್ಬನೇ, ಸೆಮ್ಯೋನ್ ಯುಶ್ಚಿನ್ ಎಂಬ ನಾವಿಕ. ಇಡೀ ಕದನದಲ್ಲಿ ರಷ್ಯಾದ ಕಡೆ ಸತ್ತವರು ಸುಮಾರು 5,000, ಜಪಾನ್ ಕಡೆ 117. ಗುರಿಯಾಗಿದ್ದ ವ್ಲಾಡಿವೋಸ್ಟೊಕ್ ಎಂಬ ರಷ್ಯಾದ ದೂರಪೂರ್ವದ ಬಂದರು ತಲುಪಿದ್ದು ಮೂರೇ ಮೂರು ಸಣ್ಣ ಹಡಗು.

ಎಲ್ಲವನ್ನೂ ಆಕಾರದ ತಲೆಗೆ ಕಟ್ಟುವುದೂ ಸರಿಯಲ್ಲ. ಮೂಲ ನಕ್ಷೆಯ ತ್ಸೆಸರೇವಿಚ್ ಇದೇ ಬಾಗಿದ ಪಕ್ಕ ಇಟ್ಟುಕೊಂಡು ಪೋರ್ಟ್ ಆರ್ಥರ್‌ನಲ್ಲಿ ಟಾರ್ಪಿಡೊ ಏಟು ತಿಂದು ಉಳಿಯಿತು. 1904ರ ಆಗಸ್ಟ್‌ನಲ್ಲಿ ಹಳದಿ ಸಮುದ್ರದ ಕಾಳಗದಲ್ಲಿ ದೊಡ್ಡ ದೊಡ್ಡ ಗುಂಡು ಬಿದ್ದು ಅಡ್ಮಿರಲ್ಲೇ ಸತ್ತರೂ ಹಡಗು ತೇಲುತ್ತಲೇ ಚೀನಾದ ಚಿಂಗ್‌ಟಾವ್ ಸೇರಿತು. ಅದಕ್ಕೆ ನನಗೆ ಅನಿಸುವುದು, ಹಡಗನ್ನು ಕೊಂದದ್ದು ಫ್ರೆಂಚರ ನಕ್ಷೆಗಿಂತ ಹೆಚ್ಚಾಗಿ ಅದರ ಮೇಲೆ ಹೇರಿದ ಭಾರ. ಕಟ್ಟುವಾಗ ಪೀಟರ್ಸ್‌ಬರ್ಗ್‌ನವರು ಹೇರಿದ್ದು ಒಂದಷ್ಟು, ಹೋಗುವಾಗ ಅಡ್ಮಿರಲ್ ಹೇರಿದ್ದು ಇನ್ನೊಂದಷ್ಟು.

ನಮ್ಮ ಓರ್ಯೋಲ್ ಮಾತ್ರ ಮುಳುಗಲಿಲ್ಲ. ಮೈಯೆಲ್ಲ ತೂತಾಗಿ, ಕ್ಯಾಪ್ಟನ್ ಯುಂಗ್ ಸಾಯುವ ಸ್ಥಿತಿಯಲ್ಲಿ ಮಲಗಿದ್ದರೂ ರಾತ್ರಿ ಕಳೆಯಿತು. ಮರುದಿನ ಬೆಳಿಗ್ಗೆ ಸುತ್ತ ಜಪಾನಿ ಹಡಗು. ರೊಝೆಸ್ಟ್ವೆನ್ಸ್ಕಿ ಗಾಯಗೊಂಡ ಮೇಲೆ ಮುಂದಾಳಾಗಿದ್ದ ಅಡ್ಮಿರಲ್ ನೆಬೊಗಾತೊವ್ ಉಳಿದಿದ್ದ ಹಡಗುಗಳ ಜೊತೆ ಶರಣಾದರು. ಊರಿಗೆ ಹೋದ ಮೇಲೆ ಅವರಿಗೆ ಮರಣದಂಡನೆ ಆಯಿತು, ಆಮೇಲೆ ಅದನ್ನು ಹತ್ತು ವರ್ಷದ ಸೆರೆಗೆ ಇಳಿಸಿದರು. ರೊಝೆಸ್ಟ್ವೆನ್ಸ್ಕಿಯವರನ್ನು ಖುಲಾಸೆ ಮಾಡಿದರು.

ಶರಣಾದ ಓರ್ಯೋಲ್ ಅನ್ನು ಜಪಾನಿನವರು ಮೈಜುರು ಬಂದರಿಗೆ ಎಳೆದೊಯ್ದು ಎಲ್ಲ ಕಡೆಯಿಂದ ಫೋಟೊ ತೆಗೆದರು. ಆ ಫೋಟೊಗಳು ಮಾಡೆಲ್ ಕಟ್ಟುವವರಿಗೆ ಚಿನ್ನ. ಮುಂದಿನ ದೊಡ್ಡ ಟರೆಟ್‌ನ ಎಡ ಫಿರಂಗಿಯ ನಳಿಗೆ ತುದಿ ಮುರಿದುಹೋಗಿರುವುದು ಸ್ಪಷ್ಟವಾಗಿ ಕಾಣುತ್ತದೆ. ಒಬ್ಬ ಮನುಷ್ಯನ ತಲೆ ಹಿಡಿಸುವಷ್ಟು ಅಗಲದ ಬಾಯಿರುವ ಉಕ್ಕಿನ ನಳಿಗೆ ಅದು, ಕಡ್ಡಿ ಮುರಿದಂತೆ ಮುರಿದಿದೆ. ಕಿಟ್‌ನಲ್ಲಿ ಇದಕ್ಕೆ ಬೇರೆ ತುಂಡು ಕೊಟ್ಟಿಲ್ಲ. ಕದನದ ಮರುದಿನದ ಹಡಗು ಬೇಕಿದ್ದರೆ ಎಡ ನಳಿಗೆಯನ್ನು ಕತ್ತರಿಸಿ ತುದಿಯನ್ನು ಸೂಜಿಯಿಂದ ಒರಟು ಮಾಡಿ. ಹೊಗೆ ಕೊಳವೆಗಳಿಗೆ ಸಣ್ಣ ಡ್ರಿಲ್ಲಿನಿಂದ ತೂತು ಹಾಕಿ, ಅಂಚುಗಳನ್ನು ಒಳಗಿನಿಂದ ತೆಳ್ಳಗೆ ಕೆರೆದುಕೊಳ್ಳದಿದ್ದರೆ ತಗಡಿನ ಹಾಗೆ ಕಾಣುವುದಿಲ್ಲ, ದಪ್ಪ ಪ್ಲಾಸ್ಟಿಕ್ ಅಂತಲೇ ಗೊತ್ತಾಗುತ್ತದೆ.

ಈ ಹಡಗಿನ ಬಗ್ಗೆ ಯಾರಾದರೂ ಸರಿಯಾದ ವಿಮರ್ಶೆ ಮಾಡಿದ್ದರೆ ಅದು ಜಪಾನಿನ ರಿಪೇರಿ ಕಟ್ಟೆ. ಹೆಸರು ಇವಾಮಿ ಅಂತ ಬದಲಾಯಿಸಿ, 1907ರ ಹೊತ್ತಿಗೆ ರಿಪೇರಿ ಮುಗಿಸಿದರು. ಏನು ಮಾಡಿದರು ಗೊತ್ತಾ? ಮೇಲ್ಭಾಗವನ್ನು ಕತ್ತರಿಸಿ ಇಳಿಸಿದರು. ಆರು 152 ಮಿಲಿಮೀಟರ್ ಟರೆಟ್‌ಗಳನ್ನೂ ಕಿತ್ತುಹಾಕಿ ಆ ಜಾಗಕ್ಕೆ ಆರು 203 ಮಿಲಿಮೀಟರ್ ಒಂಟಿ ಫಿರಂಗಿ ಕೂರಿಸಿದರು. ಅಂದರೆ ಎಲ್ಲಿ ಭಾರ ಜಾಸ್ತಿಯೋ ಅಲ್ಲೇ ಕೈಹಾಕಿದರು. 1914ರಲ್ಲಿ, ಜರ್ಮನರ ಕೈಯಲ್ಲಿದ್ದ ಅದೇ ಚಿಂಗ್‌ಟಾವ್‌ನ ಮುತ್ತಿಗೆಯಲ್ಲಿ ಜಪಾನಿನ ಪರವಾಗಿ ಕೆಲಸ ಮಾಡಿತು. 1918ರ ಜನವರಿಯಲ್ಲಿ ರಷ್ಯಾ ಕ್ರಾಂತಿಯ ಗೊಂದಲದಲ್ಲಿದ್ದಾಗ ವ್ಲಾಡಿವೋಸ್ಟೊಕ್ ಬಂದರಿಗೆ ಬಂದು ಲಂಗರು ಹಾಕಿತು! ಹದಿಮೂರು ವರ್ಷದ ಹಿಂದೆ ಯಾವ ಊರಿಗೆ ಹೋಗಲು ಅಷ್ಟು ಒದ್ದಾಡಿತ್ತೋ ಅಲ್ಲಿಗೆ ಕೊನೆಗೂ ತಲುಪಿತು, ಜಪಾನಿನ ಬಾವುಟ ಹೊತ್ತು. 1924ರಲ್ಲಿ ಗುರಿ ಅಭ್ಯಾಸಕ್ಕೆ ಇಟ್ಟು ಮುಳುಗಿಸಿದರು.

ಇದೇ ಅಚ್ಚಿನ ಕಿಟ್ ಸ್ಲಾವಾ ಹೆಸರಿನಲ್ಲೂ ಬರುತ್ತದೆ, ಯಾವುದು ಕೊಳ್ಳಲಿ ಅಂತ ಕೇಳುವವರಿದ್ದಾರೆ. ಕಥೆಗೆ ಬೇಕಿದ್ದರೆ ಸ್ಲಾವಾ ಕೂಡ ಕಡಿಮೆಯಿಲ್ಲ. ತಡವಾಗಿ ಮುಗಿದದ್ದಕ್ಕೆ ತ್ಸುಶಿಮಾ ತಪ್ಪಿತು. ಸರ್ಕಾರಿ ಕೆಲಸ ನಿಧಾನವಾದರೆ ಒಮ್ಮೊಮ್ಮೆ ಒಳ್ಳೆಯದೂ ಆಗುತ್ತದೆ ನೋಡಿ. 1908ರ ಕೊನೆಗೆ ಇಟಲಿಯ ಮೆಸ್ಸಿನಾದಲ್ಲಿ ಭಾರಿ ಭೂಕಂಪ ಆದಾಗ ಹತ್ತಿರದಲ್ಲಿದ್ದ ಇದರ ನಾವಿಕರು ಅವಶೇಷದಡಿಯಿಂದ ಜನರನ್ನು ಎಳೆದು ತೆಗೆದರು. ಮೊದಲ ಮಹಾಯುದ್ಧದಲ್ಲಿ, 1915ರ ಆಗಸ್ಟ್‌ನಲ್ಲಿ ಬಾಲ್ಟಿಕ್ ಸಮುದ್ರದ ರೀಗಾ ಕೊಲ್ಲಿಯ ಬಾಗಿಲಲ್ಲಿ ಜರ್ಮನರ ಎದುರು ನಿಂತಾಗ ಗುಂಡು ಅಷ್ಟು ದೂರ ಹೋಗುತ್ತಿರಲಿಲ್ಲ. ಆಗ ಬೇಕಂತಲೇ ಒಂದು ಪಕ್ಕದ ಕೋಣೆಗಳಿಗೆ ನೀರು ತುಂಬಿಸಿ ಹಡಗನ್ನು ಮೂರು ಡಿಗ್ರಿ ವಾಲಿಸಿದರು, ಇನ್ನೊಂದು ಪಕ್ಕದ ಫಿರಂಗಿ ಮೂತಿ ಅಷ್ಟು ಮೇಲಕ್ಕೆದ್ದು ಗುಂಡು ದೂರ ಬಿತ್ತು. ವಾಲಿ ವಾಲಿ ಸತ್ತ ಮೂರು ಹಡಗುಗಳ ಜೊತೆ ಹುಟ್ಟಿದ ಹಡಗಿನಲ್ಲಿ ಇಂಥ ಧೈರ್ಯ! ಕೊನೆಗೆ 1917ರ ಅಕ್ಟೋಬರ್ 17ರಂದು ಎಸ್ಟೋನಿಯಾ ಕರಾವಳಿಯ ಮೂನ್ ಸೌಂಡ್ ಜಲಸಂಧಿಯಲ್ಲಿ ಜರ್ಮನಿಯ ಕೋನಿಗ್ ಎಂಬ ಹೊಸ ಕಾಲದ ದೈತ್ಯ ಎದುರಾಯಿತು. ಸ್ಲಾವಾದ ಮುಂದಿನ ಟರೆಟ್ ಶತ್ರುವಿನ ಏಟಿಲ್ಲದೆ, ಕೆಲವೇ ಗುಂಡು ಹಾರಿಸಿ ತಾನಾಗಿಯೇ ಕೆಟ್ಟು ನಿಂತಿತು. ಏಟು ಬಿದ್ದು ಒಳಗೆ ಎಷ್ಟು ನೀರು ಸೇರಿತು ಅಂದರೆ ಹಡಗು ಕೆಳಗೆ ಕೂತು, ಹಿಂದೆ ಹೋಗಬೇಕಾದ ಕಾಲುವೆಯ ಆಳ ಸಾಲದಾಯಿತು. ತಮ್ಮ ಕೈಯಾರೆ ಮುಳುಗಿಸಿದರು. ಉಳಿದ ಕಬ್ಬಿಣವನ್ನು 1935ರಲ್ಲಿ ಎಸ್ಟೋನಿಯಾದವರು ಗುಜರಿಗೆ ಹಾಕಿದರು.

ಆದರೂ ಮೊದಲ ಸಲ ಕಟ್ಟುವವರಿಗೆ ನಾನು ಓರ್ಯೋಲ್ ಅಂತಲೇ ಹೇಳುತ್ತೇನೆ. ಫೋಟೊಗಳು ಇರುವುದರಿಂದ ಅನುಮಾನ ಬಂದಾಗಲೆಲ್ಲ ನೋಡಿಕೊಂಡು ಮುಂದೆ ಹೋಗಬಹುದು, ಕಪ್ಪು ಹಳದಿ ಬಣ್ಣವೂ ಬೂದುಬಣ್ಣದ ಸ್ಲಾವಾಗಿಂತ ನೋಡಲು ಸೊಗಸು.

ಬೈಯುವುದು ಇನ್ನೆರಡು ಬಾಕಿ ಇದೆ. ಕಟಕಟೆಗಳೆಲ್ಲ ದಪ್ಪ ಪ್ಲಾಸ್ಟಿಕ್, ಈ ಅಳತೆಗೆ ಗೇಟಿನ ಕಂಬಿಯ ಹಾಗಿದೆ. ಹಿತ್ತಾಳೆಯ ತೆಳು ಕಟಕಟೆ ಸೆಟ್ ಬೇರೆ ಕೊಳ್ಳಬೇಕು, ಅದರ ಬೆಲೆ ಕಿಟ್‌ನ ಅರ್ಧದಷ್ಟು. ಕಂಬದಿಂದ ಕಂಬಕ್ಕೆ ಎಳೆಯಬೇಕಾದ ಹಗ್ಗಗಳಿಗೆ ಕಿಟ್‌ನಲ್ಲಿ ಕೊಟ್ಟಿರುವ ದಾರ ನೂಲೆದ್ದು ನಾಯಿಬಾಲದಂತಿದೆ, ಎಸೆದುಬಿಡಿ. ಹೆಂಗಸರ ತಲೆಗೆ ಹಾಕುವ ಸವರಿಯ ಕೂದಲೆಳೆ ಅಥವಾ ತೀರಾ ತೆಳು ಮೀನುಗಾಳದ ದಾರ ಸಾಕಾಗುತ್ತದೆ. ಎರಡನೆಯದು, ಕೈಪಿಡಿಯಲ್ಲಿ ದೋಣಿಗಳನ್ನು ಡೆಕ್ ಅಂಟಿಸಿದ ಕೂಡಲೇ ಕೂರಿಸಲು ಹೇಳಿದ್ದಾರೆ. ಹಾಗೆ ಮಾಡಿದರೆ ಹೊಗೆ ಕೊಳವೆಗೆ ಬಣ್ಣ ಬಳಿಯಲು ಬ್ರಷ್ ಹೋಗುವುದಿಲ್ಲ. ಕೊಳವೆ, ಹಗ್ಗ, ಕಟಕಟೆ ಮುಗಿಸಿ ದೋಣಿಯನ್ನು ಕೊನೆಗೆ ಇಡಿ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಆ ಒಂದು ಕಡಿಮೆ ಮಾಡಿದ್ದು ನೀರಿನ ಗೆರೆಗೆ. ತರಿಸಿಕೊಳ್ಳುವವರು ಅಂಟು, ಬಣ್ಣ ಇಲ್ಲೇ ಕೊಂಡುಕೊಳ್ಳಿ, ಬೆಂಕಿ ಹತ್ತುವ ಸಾಮಾನು ಅಂತ ಕೊರಿಯರ್‌ನವರು ಅವನ್ನು ಪೆಟ್ಟಿಗೆ ಜೊತೆ ಕಳಿಸುವುದಿಲ್ಲ.